ಅಕ್ರೆಡಿಟೆಡ್ ಅಂದರೆ ಸಾಕೇ?

ಡಲ್ಲಾಸ್‌ನ ಓದುಗರೊಬ್ಬರು ಬರೆಯುತ್ತಾರೆ: “ಬಿಇ ಮುಗಿಸಿ ಬೆಂಗಳೂರಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದವಳು, ಈಗ ಎಚ್-4 ವೀಸಾದಲ್ಲಿ (ಎಚ್-1ಬಿ ಉದ್ಯೋಗ ವೀಸಾದವರ ಕುಟುಂಬಕ್ಕೆ ಕೊಡುವುದು) ಮನೆಯಲ್ಲಿದ್ದೇನೆ. ಇಲ್ಲಿನ ಆನ್‌ಲೈನ್ ವಿಶ್ವವಿದ್ಯಾಲಯವೊಂದರಲ್ಲಿ ಎಂಬಿಎ ಮಾಡಿದರೆ ಎಚ್-1ಬಿ ಲಾಟರಿಯಲ್ಲಿ ಮಾಸ್ಟರ್ಸ್ ಕೋಟಾ ಸಿಗುತ್ತದೆ ಎಂಬ ಲೆಕ್ಕಾಚಾರ ನನ್ನದು. ಅದು ಲಾಭಕ್ಕೆ ನಡೆಸುವ ಕಂಪನಿಯದು, ಹೆಸರು ಚೆನ್ನಾಗಿಲ್ಲ ಎನ್ನುತ್ತಾರೆ ಸ್ನೇಹಿತರು. ‘ಅಕ್ರೆಡಿಟೆಡ್ (ಮಾನ್ಯತೆ ಪಡೆದದ್ದು) ಇದೆ, ಯೋಚನೆ ಬೇಡ’ ಎಂದು ಅವರ ಅಡ್ಮಿಷನ್ ಸಲಹೆಗಾರರು ದಿನಾ ಫೋನ್ ಮಾಡುತ್ತಾರೆ. ಯಾರ ಮಾತು ನಂಬಲಿ?”

ಸಂಪಾದಕರ ಉತ್ತರ:

ಮೊದಲು ಲಾಟರಿ, ಯಾಕೆಂದರೆ ನಿಮ್ಮ ಲೆಕ್ಕ ತಪ್ಪಿರುವುದು ಅಲ್ಲೇ. ಎಚ್-1ಬಿಯ ವಾರ್ಷಿಕ ಮಿತಿ 65,000. ಅದರ ಜೊತೆಗೆ ಅಮೆರಿಕದಲ್ಲೇ ಮಾಸ್ಟರ್ಸ್ ಅಥವಾ ಅದಕ್ಕೂ ಮೇಲಿನ ಪದವಿ ಪಡೆದವರಿಗೆ 20,000. ಈ 20,000ದೊಳಗೆ ಬರಬೇಕಾದರೆ ಪದವಿ ಕೊಟ್ಟ ಸಂಸ್ಥೆಗೆ ಮಾನ್ಯತೆ ಇದ್ದರೆ ಸಾಲದು, ಅದು ಸರ್ಕಾರಿ ಅಥವಾ ಲಾಭರಹಿತ ಸಂಸ್ಥೆಯೂ ಆಗಿರಬೇಕು. ಲಾಭದ ಕಂಪನಿಯ ಪದವಿ ಎಷ್ಟೇ ಅಸಲಿಯಾದರೂ ಇಲ್ಲಿ ನಡೆಯದು. ಅಡ್ಡಿ ಇರುವುದು ಆನ್‌ಲೈನ್ ಎಂಬುದಕ್ಕಲ್ಲ, ಒಡೆತನಕ್ಕೆ. ಕೋಟಾ ಒಂದೇ ನಿಮ್ಮ ಉದ್ದೇಶವಾದರೆ ಈ ಅರ್ಜಿ ಇವತ್ತೇ ಬಿಟ್ಟುಬಿಡಿ.

ಒಡೆತನ ಯಾರದೆಂದು ತಿಳಿಯುವುದು ಎರಡು ನಿಮಿಷದ ಕೆಲಸ. ಅಮೆರಿಕದ ಶಿಕ್ಷಣ ಇಲಾಖೆಯ ಕಾಲೇಜ್ ಸ್ಕೋರ್‌ಕಾರ್ಡ್‌ನಲ್ಲಿ ಹೆಸರು ಹಾಕಿದರೆ ಸಂಸ್ಥೆ ಯಾವ ಬಗೆಯದೆಂದು ಬರುತ್ತದೆ. ಹೆಸರು ನೋಡಿ ಊಹಿಸಬೇಡಿ. ವೆಸ್ಟರ್ನ್ ಗವರ್ನರ್ಸ್ ಯೂನಿವರ್ಸಿಟಿಯ ಪಾಠವೆಲ್ಲ ಆನ್‌ಲೈನ್, ಆದರೆ ಅದು ಲಾಭರಹಿತ. ಕ್ಯಾಪ್ಲನ್ ಯೂನಿವರ್ಸಿಟಿ ಲಾಭದ್ದಾಗಿತ್ತು, 2018ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಕೈಗೆ ಹೋಗಿ ಪರ್ಡ್ಯೂ ಗ್ಲೋಬಲ್ ಆಯಿತು. ಇಂಥ ಕೈಬದಲಾವಣೆ ಆಗುತ್ತಲೇ ಇರುವುದರಿಂದ, ಪದವಿ ಕೈಗೆ ಬಂದ ದಿನ ಸಂಸ್ಥೆ ಏನಾಗಿತ್ತು ಎಂಬುದನ್ನೇ ನೋಡಬೇಕು.

ಇನ್ನು ‘ಅಕ್ರೆಡಿಟೆಡ್’. ಹೋಟೆಲ್ ಗೋಡೆಯಲ್ಲಿ ಲೈಸೆನ್ಸ್ ತೂಗಿದೆ ಎಂದ ಮಾತ್ರಕ್ಕೆ ಸಾರು ರುಚಿಯಾಗಿರುತ್ತದೆಯೇ? ಲಾಭದ ಕಂಪನಿಯಾದ ಯೂನಿವರ್ಸಿಟಿ ಆಫ್ ಫೀನಿಕ್ಸ್‌ಗೆ ಹೈಯರ್ ಲರ್ನಿಂಗ್ ಕಮಿಷನ್ ಎಂಬ ಸಂಸ್ಥೆಯ ಮಾನ್ಯತೆ ಇತ್ತು. ಆದರೂ ದೊಡ್ಡ ಕಂಪನಿಗಳ ಜೊತೆ ಉದ್ಯೋಗದ ನಂಟಿದೆ ಎಂಬಂತೆ ಜಾಹೀರಾತು ಕೊಟ್ಟಿತೆಂಬ ಆರೋಪದ ಮೇಲೆ 2019ರಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಜೊತೆ 19.1 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು (ತಪ್ಪು ಒಪ್ಪಿಕೊಳ್ಳಲಿಲ್ಲ). ಐಟಿಟಿ ಟೆಕ್ ಎಂಬ ಲಾಭದ ಕಾಲೇಜು ಸರಣಿಗೂ ಮಾನ್ಯತೆ ಇತ್ತು. 2016ರ ಸೆಪ್ಟೆಂಬರ್‌ನಲ್ಲಿ ಬಾಗಿಲು ಹಾಕಿತು. ಅದಕ್ಕೆ ಮಾನ್ಯತೆ ಕೊಟ್ಟಿದ್ದ ಎಸಿಐಸಿಎಸ್ ಎಂಬ ಸಂಸ್ಥೆಯೇ 2022ರಲ್ಲಿ ಸರ್ಕಾರದ ಮನ್ನಣೆ ಕಳೆದುಕೊಂಡಿತು. ಹಾಗಾಗಿ ಕೇಳಬೇಕಾದ್ದು ಯಾರ ಮಾನ್ಯತೆ, ಈಗ ಯಾವ ಸ್ಥಿತಿಯಲ್ಲಿದೆ ಎಂದು. ಮಾನ್ಯತೆ ಕೊಟ್ಟವರ ತಾಣದಲ್ಲೇ ವಿಶ್ವವಿದ್ಯಾಲಯದ ಪುಟ ತೆರೆದು ನೋಡಿ. ‘ಪ್ರೊಬೇಶನ್’ (ಷರತ್ತಿನ ಮೇಲೆ ಉಳಿಸಿಕೊಂಡ ಮಾನ್ಯತೆ) ಅಥವಾ ‘ಶೋ ಕಾಸ್’ (ಮಾನ್ಯತೆ ಯಾಕೆ ತೆಗೆಯಬಾರದು ಎಂಬ ನೋಟಿಸ್) ಎಂದು ಕಂಡರೆ ಅಲ್ಲಿಗೇ ನಿಲ್ಲಿಸಿ. ಎಂಬಿಎಗೆ ಬೇರೆಯೇ ಮಾನ್ಯತೆಯೂ ಉಂಟು; ಅದರಲ್ಲಿ ಹೆಚ್ಚು ತೂಕದ್ದು ಎಎಸಿಎಸ್‌ಬಿ ಎಂಬ ಸಂಸ್ಥೆಯದು.

ಹೆಸರನ್ನು ಅಳೆಯಲು ನಮಗೆ ಹೆಚ್ಚು ನಂಬಿಕೆ ಇರುವುದು ಎರಡು ಪರೀಕ್ಷೆಗಳ ಮೇಲೆ. ಒಂದು, ನಿಮ್ಮ ಸುತ್ತಲಿನ ಎರಡು ಸರ್ಕಾರಿ ವಿಶ್ವವಿದ್ಯಾಲಯಗಳ ರಿಜಿಸ್ಟ್ರಾರ್ ಕಚೇರಿಗೆ ಇಮೇಲ್ ಹಾಕಿ, “ಅಲ್ಲಿ ಓದಿದ ಕ್ರೆಡಿಟ್ ನೀವು ತೆಗೆದುಕೊಳ್ಳುತ್ತೀರಾ?” ಎಂದು ಕೇಳಿ. ಓರಗೆಯವರು ಕೊಡುವ ಬೆಲೆ ಆ ಉತ್ತರದಲ್ಲಿ ಸಿಗುತ್ತದೆ. ಇನ್ನೊಂದು, ಲಿಂಕ್ಡ್‌ಇನ್‌ನಲ್ಲಿ ಅದೇ ಪದವಿ ಪಡೆದ ಇಪ್ಪತ್ತು ಮಂದಿಯನ್ನು ಹುಡುಕಿ. ಈಗಿನ ಹುದ್ದೆ ನೋಡಿ ಮರುಳಾಗಬೇಡಿ, ಪದವಿಯ ವರ್ಷ ಮತ್ತು ಹುದ್ದೆ ಬದಲಾದ ವರ್ಷ ಎರಡನ್ನೂ ಪಕ್ಕಪಕ್ಕ ಬರೆದುಕೊಳ್ಳಿ. ಓದಿಗೆ ಮೊದಲೂ ಮ್ಯಾನೇಜರ್, ಆಮೇಲೂ ಅದೇ ಕಂಪನಿಯಲ್ಲಿ ಮ್ಯಾನೇಜರ್ ಆಗಿದ್ದರೆ ಪದವಿ ಏನು ಮಾಡಿತು ಎಂದು ಹೇಳುವುದು ಕಷ್ಟ. ಜಾಹೀರಾತಿನಲ್ಲಿ ಮಾತ್ರ ಇಂಥವರೇ ‘ನಮ್ಮ ಯಶಸ್ವಿ ವಿದ್ಯಾರ್ಥಿಗಳು’.

ಪದವಿ ಮುಗಿಸಿದವರ ಪ್ರಮಾಣ ಕಡಿಮೆ ಎಂದು ಸ್ನೇಹಿತರು ತೋರಿಸಬಹುದು. ಆ ಅಂಕಿ ನಿಮಗೆ ಹೊಂದುವುದಿಲ್ಲ. ಅದು ಸಾಮಾನ್ಯವಾಗಿ ಮೊದಲ ಸಲ ಕಾಲೇಜು ಸೇರಿ ಪೂರ್ಣಾವಧಿ ಓದುವ ಬ್ಯಾಚುಲರ್ಸ್ ಮಕ್ಕಳ ಲೆಕ್ಕ.

ದುಡ್ಡಿನ ಮಾತು. ಎಚ್-4ನವರಿಗೆ ಅಮೆರಿಕ ಸರ್ಕಾರದ ಶಿಕ್ಷಣ ಸಾಲ ಇಲ್ಲ, ಪೂರ್ತಿ ಕೈಯಿಂದ. ಉದಾಹರಣೆಗೆ 36 ಕ್ರೆಡಿಟ್, ಕ್ರೆಡಿಟ್‌ಗೆ 650 ಡಾಲರ್ ಎಂದರೆ 23,400. ಕೋರ್ಸಿಗೊಂದರಂತೆ ಹಾಕುವ ಇತರ ಶುಲ್ಕ ಬೇರೆ. ಸಂಸ್ಥೆ ಮುಚ್ಚಿದರೆ ಸರ್ಕಾರಿ ಸಾಲ ಪಡೆದ ವಿದ್ಯಾರ್ಥಿಗಳಿಗೆ ಸಾಲಮನ್ನಾದ ದಾರಿ ಇದೆ. ನಿಮಗೆ ಆ ದಾರಿಯೂ ಇಲ್ಲ. ಇಂಥ ಕಡೆ ಕೋರ್ಸುಗಳು ಐದಾರು ವಾರದವೂ ಇರುವುದರಿಂದ, ಎರಡು ವಾರ ಕಳೆದು ಬಿಡುತ್ತೇನೆಂದರೆ ಎಷ್ಟು ವಾಪಸು ಬರುತ್ತದೆ ಎಂದು ಕ್ಯಾಟಲಾಗ್‌ನ ಮರುಪಾವತಿ ಪಟ್ಟಿಯಲ್ಲಿ ಮೊದಲೇ ನೋಡಿ.

ಸಲಹೆಗಾರರ ಉತ್ಸಾಹದ ಮೂಲ ಎಲ್ಲಿದೆ ಅಂತೀರಾ? 2012ರಲ್ಲಿ ಸೆನೆಟ್ ಸಮಿತಿಯೊಂದು ಇಂಥ 30 ಕಂಪನಿಗಳ ಲೆಕ್ಕ ತೆಗೆಯಿತು. ಆದಾಯದಲ್ಲಿ ಪ್ರಚಾರ ಮತ್ತು ಪ್ರವೇಶಾತಿಗೆ ಶೇ. 22.7, ಪಾಠಕ್ಕೆ ಶೇ. 17.2. ಹಳೆಯ ಲೆಕ್ಕ ನಿಜ, ಆದರೆ ದಿನಾ ಫೋನ್ ಬರುತ್ತಿದೆ ಎಂದು ನೀವೇ ಬರೆದಿದ್ದೀರಿ.

ಕೋಟಾ ಬಿಟ್ಟು ಕಲಿಕೆಗಾಗಿಯೇ ಸೇರುವುದಾದರೆ, ಎಚ್-4ನಲ್ಲಿ ಓದಲು ಅಡ್ಡಿಯಿಲ್ಲ. ಆಗಲೂ ಮೊದಲು ಒಂದು ಕೋರ್ಸಿನ ಸಿಲಬಸ್ ತರಿಸಿಕೊಂಡು, ಅಂಕಗಳಲ್ಲಿ ಎಷ್ಟು ಪಾಲು ‘ಚರ್ಚೆಗೆ ಒಂದು ಪೋಸ್ಟ್, ಎರಡು ಪ್ರತಿಕ್ರಿಯೆ’ಗೆ ಹೋಗುತ್ತದೆ, ಎಷ್ಟು ಪಾಲು ಅಧ್ಯಾಪಕರು ತಿದ್ದಿಕೊಡುವ ಕೆಲಸಕ್ಕೆ ಎಂದು ಎಣಿಸಿ. ಫೋನಿನ ಮಾತನ್ನೆಲ್ಲ ಇಮೇಲ್‌ನಲ್ಲಿ ಬರೆದುಕೊಡಿ ಎನ್ನಿ. ಸಹಿ ಹಾಕುವ ಒಪ್ಪಂದದಲ್ಲಿ ಕೋರ್ಟಿಗೆ ಹೋಗದೆ ಮಧ್ಯಸ್ಥಿಕೆಗೇ ಒಪ್ಪಬೇಕೆಂಬ ಷರತ್ತು ಇದೆಯೇ, ಅದನ್ನೂ ಹುಡುಕಿ.