ಓದುಗರ ಪ್ರಶ್ನೆ, ನಮ್ಮ ಉತ್ತರ: ಹರಿಹರೇಶ್ವರ ಗುಡಿಯ ಕಂಬ, ಚಾವಣಿ, ಶಾಸನ

ಪ್ರಶ್ನೆ: ಬೇಲೂರು, ಹಳೇಬೀಡು ನೋಡಿ ಬಂದವರಿಗೆ ನಮ್ಮ ಹರಿಹರದ ಹರಿಹರೇಶ್ವರ ಗುಡಿ ಬೋಳಾಗಿ ಕಾಣುತ್ತದೆ. ಇದೂ ಹೊಯ್ಸಳರದ್ದೇ ಹೌದೆ? ಹೌದಾದರೆ ಗೋಡೆಯ ಶಿಲ್ಪಗಳೆಲ್ಲ ಎಲ್ಲಿ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಹೊಯ್ಸಳರದ್ದೇ, ಅನುಮಾನ ಬೇಡ. ವೀರ ನರಸಿಂಹನ, ಅಂದರೆ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವ 1223-24ರಲ್ಲಿ ಇದನ್ನು ಕಟ್ಟಿಸಿದ. ಮುಮ್ಮಡಿ ನರಸಿಂಹನ ದಂಡನಾಯಕ ಸೋಮ 1268ರಲ್ಲಿ ಇನ್ನಷ್ಟು ಸೇರಿಸಿದ. ಸೋಮನಾಥಪುರದ ಕೇಶವ ಗುಡಿಯೂ ಈ ಸೋಮನದ್ದೇ.

ಇಲ್ಲಿನ ಮಂಟಪಕ್ಕೆ ಎತ್ತರದ ಗೋಡೆಯೇ ಇಲ್ಲ, ಹಾಗಾಗಿ ಗೋಡೆಶಿಲ್ಪಕ್ಕೆ ಜಾಗವೂ ಇಲ್ಲ. ಸುತ್ತ ಮೋಟುಗೋಡೆ, ಅದರ ಮೇಲೆ ಅರ್ಧಗಂಬ, ಒಳಗೆ ಪೂರಾ ಎತ್ತರದ ಕಂಬಗಳು. ಚೌಕದ ಬದಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಹೊರಚಾಚಿದ್ದರಿಂದ ಬೆಳಕು ಹಲವು ಕೋನಗಳಿಂದ ಒಳಬರುತ್ತದೆ. ಇದೇ ಬಗೆಯ ತೆರೆದ ಮಂಟಪ ನೋಡಬೇಕೆಂದರೆ ತರೀಕೆರೆ ಬಳಿಯ ಅಮೃತಾಪುರಕ್ಕೆ ಹೋಗಿ, ಅದು 1196ರದ್ದು. ಶಿಖರ ನೋಡಿ ಮಾತ್ರ ಈ ಗುಡಿಯನ್ನು ಅಳೆಯಬೇಡಿ. ಮೂಲ ಶಿಖರ ಉಳಿದಿಲ್ಲ, ಈಗಿರುವುದು ಆಮೇಲಿನ ಇಟ್ಟಿಗೆ-ಗಾರೆಯ ಕೆಲಸ. ಇಲ್ಲಿ ಕಣ್ಣು ನಿಲ್ಲಬೇಕಾದ್ದು ಕಂಬ ಮತ್ತು ಚಾವಣಿಯ ಮೇಲೆ.

ಪ್ರಶ್ನೆ: ಆ ಕಂಬಗಳು ಅಷ್ಟು ನುಣುಪಾಗಿ, ದುಂಡಗೆ ಬಂದದ್ದು ಹೇಗೆ? ಚಿತ್ರದುರ್ಗದ ಕೋಟೆಯ ಗುಡಿಗಳಲ್ಲಿ ಇಂಥವು ಯಾಕಿಲ್ಲ?
— ಓದುಗರೊಬ್ಬರು, ಹೊಳಲ್ಕೆರೆ

ಉತ್ತರ: ಕಲ್ಲಿನ ವ್ಯತ್ಯಾಸ. ಹೊಯ್ಸಳ ಶಿಲ್ಪಿಗಳು ಬಳಸಿದ್ದು ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೆದು, ಗಾಳಿಗೊಡ್ಡಿದಂತೆ ಗಡುಸು. ಕಲ್ಲನ್ನು ಮೊದಲು ಉಳಿಯಿಂದ ಒರಟಾಗಿ ಕಡಿದು, ತಿರುಗಣೆಗೆ (ಲೇತಿಗೆ) ಹಾಕಿ ತಿರುಗಿಸುತ್ತ ಉಳಿ ಹಿಡಿದರೆ ಗಂಟೆಯಾಕಾರ, ಬಳೆಗಳು, ಕತ್ತಿನ ಕುಗ್ಗು ಎಲ್ಲ ಸುತ್ತಲೂ ಒಂದೇ ಅಳತೆಯಲ್ಲಿ ಏಳುತ್ತವೆ. ಬುಡದ ಚೌಕ ಹಾಗೇ ಉಳಿಯುತ್ತದೆ. ಮೇಲಿನ ಬೋದಿಗೆ (ತೊಲೆ ಹೊರುವ ತಲೆಗಲ್ಲು) ಬೇರೆ ಕಲ್ಲು, ಅದರ ಮೇಲೆ ತೊಲೆ. ಕೋಟೆಯ ಗುಡಿಗಳದ್ದು ಗ್ರಾನೈಟ್. ಆ ಗಡುಸು ಕಲ್ಲು ಹಳೆಯ ಕಾಲದ ತಿರುಗಣೆಗೆ ಬಗ್ಗುವಂಥದ್ದಲ್ಲ. ಅಲ್ಲಿ ಚೌಕ ಕಂಬವೇ ಸರಿ.

ಕತ್ತೆತ್ತಿ ಚಾವಣಿಯನ್ನೂ ನೋಡಿ. ತಾವರೆ ಬಿಡಿಸಿದ ಚಾವಣಿಗಳು ಇಲ್ಲಿವೆ. ನಮ್ಮ ಕಡೆಯ ಹಳೆಯ ಗುಡಿಗಳಲ್ಲಿ ನಾಲ್ಕು ಕಂಬಗಳ ನಡುವಿನ ಅಂಕಣ ಮುಚ್ಚುವ ಸರಳ ಲೆಕ್ಕ ಹೀಗೆ: ಅಂಕಣ 8 ಅಡಿ ಚೌಕ ಎಂದಿಟ್ಟುಕೊಳ್ಳಿ. ನಾಲ್ಕು ಮೂಲೆಗೂ ಒಂದೊಂದು ಮುಕ್ಕೋನದ ಕಲ್ಲು ಇಟ್ಟರೆ ನಡುವೆ ಓರೆಯಾದ, ಸುಮಾರು 5.65 ಅಡಿಯ ಚೌಕ ಉಳಿಯುತ್ತದೆ. ಅದರ ಮೂಲೆಗಳಿಗೆ ಮತ್ತೆ ನಾಲ್ಕು ಕಲ್ಲು. ಉಳಿಯುವುದು 4 ಅಡಿ. ಅದನ್ನು ಒಂದೇ ಚಪ್ಪಡಿ ಮುಚ್ಚುತ್ತದೆ. ಒಟ್ಟು 9 ಕಲ್ಲು. ಭಾರವೆಲ್ಲ ತೊಲೆಗಿಳಿದು, ಅಲ್ಲಿಂದ ಕಂಬಕ್ಕೆ ಬರುತ್ತದೆ. ಒಂದು ಕಂಬ ಕುಸಿದರೆ ತೊಲೆ ಬಿರುಕು ಬಿಟ್ಟು, ಮೂಲೆಗಲ್ಲು ಜಾರುತ್ತದೆ.

ಪ್ರಶ್ನೆ: ಹರಿಹರ ಮೂರ್ತಿಯಲ್ಲಿ ಶಿವ ಯಾವ ಬದಿ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
— ಓದುಗರೊಬ್ಬರು, ಜಗಳೂರು

ಉತ್ತರ: ದೇವರ ಬಲಭಾಗ ಶಿವ, ಎಡಭಾಗ ವಿಷ್ಣು. ಎದುರು ನಿಂತ ನಮಗೆ ಶಿವ ಎಡಗಡೆ ಕಾಣುತ್ತಾನೆ, ಗೊಂದಲ ಹುಟ್ಟುವುದು ಅಲ್ಲೇ. ಹರಿಹರ ಶಿಲ್ಪಗಳಲ್ಲಿ ಜಟೆ ಮತ್ತು ತ್ರಿಶೂಲ ಇರುವ ಬದಿ ಶಿವ, ಕಿರೀಟ ಮತ್ತು ಚಕ್ರ ಇರುವ ಬದಿ ವಿಷ್ಣು ಎಂದು ಗುರುತಿಸಬಹುದು. ಹರಿ ಒಬ್ಬನಿಂದಲೂ ಹರ ಒಬ್ಬನಿಂದಲೂ ಸಾಯದಂತೆ ವರ ಪಡೆದಿದ್ದ ಗುಹಾಸುರನನ್ನು ಇಬ್ಬರೂ ಒಂದೇ ದೇಹವಾಗಿ ಬಂದು ಕೊಂದರೆಂಬುದು ಸ್ಥಳಪುರಾಣ.

ಪ್ರಶ್ನೆ: ನಮ್ಮೂರ ಹಳೆಯ ಗುಡಿಯ ಬಳಪದ ಕಲ್ಲಿನ ಕಂಬಗಳಿಗೆ ಸುಣ್ಣ, ಅದರ ಮೇಲೆ ಪೇಂಟ್ ಬಳಿದಿದ್ದಾರೆ. ಮರಳು ಹೊಡೆಸಿ ತೆಗೆಸೋಣವೆಂದು ಸಮಿತಿಯವರು ಹೊರಟಿದ್ದಾರೆ. ಮಳೆಗೆ ಸೋರುವ ಕಡೆ ಸಿಮೆಂಟ್ ಹಾಕಬಹುದೆ?
— ಓದುಗರೊಬ್ಬರು, ಚನ್ನಗಿರಿ ತಾಲ್ಲೂಕು

ಉತ್ತರ: ದಯವಿಟ್ಟು ಮರಳು ಹೊಡೆಸುವುದನ್ನು ಇವತ್ತೇ ನಿಲ್ಲಿಸಿ. ಬಳಪದ ಕಲ್ಲು ಉಗುರಿಗೂ ಗೀರು ಬೀಳುವಷ್ಟು ಮೆದುವಿರಬಹುದು; ಮರಳಿನ ಏಟಿಗೆ ಬಳೆಗಳ ಅಂಚು, ಮೂಗು, ಬೆರಳು, ಅಕ್ಷರ ಎಲ್ಲ ಸವೆದುಹೋಗುತ್ತವೆ. ಮತ್ತೆ ಬರುವುದಿಲ್ಲ. ಆಸಿಡ್ ಬೇಡ, ಅದು ಕಲ್ಲಿನ ಮೈಯನ್ನೇ ತಿನ್ನುತ್ತದೆ. ತಂತಿ ಬ್ರಷ್ ಬೇಡ, ಗೀರಿನ ಜೊತೆ ಕಬ್ಬಿಣದ ಪುಡಿ ಉಳಿದು ತುಕ್ಕಿನ ಕಲೆಯಾಗುತ್ತದೆ.

ಮೊದಲು ಗುಡಿ ಯಾರ ಸುಪರ್ದಿಯಲ್ಲಿದೆ ಎಂದು ನೋಡಿ. ಕೇಂದ್ರದ ಪುರಾತತ್ವ ಸರ್ವೇಕ್ಷಣೆಯ ಸಂರಕ್ಷಿತ ಸ್ಮಾರಕವಾಗಿದ್ದರೆ ನೀವು ಕೈ ಹಾಕುವಂತಿಲ್ಲ. ಅಂಥ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರಿಗೆ ಅನುಮತಿ ಬೇಕು. ಮುಜರಾಯಿ ಗುಡಿಯಾದರೆ ಆ ಇಲಾಖೆಗೂ ರಾಜ್ಯ ಪುರಾತತ್ವ ಇಲಾಖೆಗೂ ಬರೆಯಿರಿ. ಕೆಲಸಕ್ಕೆ ಮುಂಚೆ ಪ್ರತಿ ಕಂಬದ ನಾಲ್ಕೂ ಮುಖದ ಫೋಟೋ ಇರಲಿ.

ತಿಳಿದವರ ಮೇಲ್ವಿಚಾರಣೆಯಲ್ಲಿ, ಮರೆಯ ಜಾಗದಲ್ಲಿ ಅಂಗೈಯಗಲ ಪರೀಕ್ಷಿಸಿ. ಸುಣ್ಣದ ಪದರಕ್ಕೆ ನೀರಲ್ಲಿ ನೆನೆಸಿದ ಕಾಗದದ ತಿರುಳು ಮೆತ್ತಿ, ಮೆದುವಾದ ಮೇಲೆ ಬಿದಿರಿನ ಚಕ್ಕೆಯಿಂದ ಎಬ್ಬಿಸಬೇಕು. ಪೇಂಟ್ ಮತ್ತು ಎಣ್ಣೆಜಿಡ್ಡು ರಸಾಯನ ಬಲ್ಲ ಸಂರಕ್ಷಣಾ ತಜ್ಞರ ಕೆಲಸ.

ಚಾವಣಿಗೆ ಸಿಮೆಂಟ್ ಬೇಡವೇ ಬೇಡ. ಬಿಸಿಲಿಗೆ ಹಿಗ್ಗಿ ಕುಗ್ಗುವ ಕಲ್ಲಿನ ಜೊತೆ ಸಿಮೆಂಟ್ ಬಾಗುವುದಿಲ್ಲ, ಅಂಚಿನಲ್ಲಿ ಬಿಡುತ್ತದೆ. ಆ ಸೀಳಿನಿಂದ ಇಳಿದ ನೀರು ಹೊರಬರಲಾಗದೆ ಕಲ್ಲಿನಲ್ಲಿ ಉಪ್ಪು ಕಟ್ಟಿಸಿ ಪದರ ಪದರ ಉದುರಿಸುತ್ತದೆ. ಸಂದುಗಳಿಗೆ 1 ಪಾಲು ಸುಣ್ಣ, 3 ಪಾಲು ಮರಳಿನ ಗಾರೆ ಸಾಕು. ಸುಣ್ಣವನ್ನು ವಾರಗಟ್ಟಲೆ ನೀರಲ್ಲಿ ಅರಳಿಸಿರಬೇಕು. ಅರಳದ ಹರಳು ಉಳಿದರೆ ಆಮೇಲೆ ಉಬ್ಬಿ ಗಾರೆಯನ್ನು ಒಡೆಯುತ್ತದೆ. ಹಾಕಿದ ಮೇಲೆ ಗೋಣಿಚೀಲ ಹೊದಿಸಿ, ಕನಿಷ್ಠ 10 ದಿನ ತೇವ ಆರದಂತೆ ನೋಡಿಕೊಳ್ಳಿ. ಅದಕ್ಕೂ ಮೊದಲು ಮಾಳಿಗೆಯ ಮೇಲೆ ಬೆಳೆದ ಅರಳಿ, ಆಲದ ಸಸಿ ತೆಗೆಯಿರಿ, ನೀರು ಹರಿಯುವ ದಾರಿ ಬಿಡಿಸಿ. ಎಷ್ಟೋ ಸಲ ಸೋರಿಕೆಗೆ ಕಾರಣ ಅದೊಂದೇ.

ಪ್ರಶ್ನೆ: ಗುಡಿಯ ಕಾಲವನ್ನು '1223-24' ಎಂದು ಎರಡು ವರ್ಷವಾಗಿ ಬರೆಯುವುದು ಯಾಕೆ?
— ಓದುಗರೊಬ್ಬರು, ಹರಿಹರ

ಉತ್ತರ: ಶಾಸನಗಳು ಕಾಲ ಹೇಳುವ ಶಕವರ್ಷ ಯುಗಾದಿಗೆ ಬದಲಾಗುತ್ತದೆ, ಕ್ರಿಸ್ತವರ್ಷ ಜನವರಿಗೆ. ಹಾಗಾಗಿ ಒಂದು ಶಕವರ್ಷ ಎರಡು ಕ್ರಿಸ್ತವರ್ಷಗಳ ಮೇಲೆ ಬೀಳುತ್ತದೆ. ಶಕಕ್ಕೆ 78 ಕೂಡಿಸಬೇಕು. ತಿಥಿ ಜನವರಿಯಿಂದ ಯುಗಾದಿಯ ನಡುವೆ ಬಿದ್ದರೆ 79. ಶಾಸನದಲ್ಲಿ ಕೊಟ್ಟದ್ದು ಮುಗಿದ ವರ್ಷವೋ ನಡೆಯುತ್ತಿರುವ ವರ್ಷವೋ ಎಂಬ ಇನ್ನೊಂದು ತೊಡಕೂ ಇದೆ. ಆಗ ಸಂವತ್ಸರದ ಹೆಸರು ನೆರವಿಗೆ ಬರುತ್ತದೆ: 1223ರ ಯುಗಾದಿಗೆ ಶುರುವಾದದ್ದು ಸ್ವಭಾನು, ಅದರ ಮುಂದಿನದು ತಾರಣ. ಹರಿಹರದ ಶಾಸನಪಾಠ ಓದುವ ಆಸೆಯಿದ್ದರೆ ಕರ್ನಾಟಕದ ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ಆವೃತ್ತಿಯ 11ನೇ ಸಂಪುಟ ತೆಗೆಯಿರಿ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ, ಹಾಗಾಗಿ ಆ ಸಂಪುಟ ಚಿತ್ರದುರ್ಗ ಜಿಲ್ಲೆಯ ಹೆಸರಿನಲ್ಲಿದೆ. ಹರಿಹರದ ಶಾಸನಗಳನ್ನು ದಾವಣಗೆರೆ ತಾಲ್ಲೂಕಿನ ಭಾಗದಲ್ಲಿ ಹುಡುಕಬೇಕು.