ಲಂಡನ್–ಪ್ಯಾರಿಸ್ ಸೈಕಲ್ ದಾರಿ: 400 ಭಾಗಿಸು 3 ಅಂತ ಪ್ಲಾನ್ ಮಾಡಬೇಡಿ

ಅಯ್ಯೋ ಸ್ವಾಮಿ, ಲಂಡನ್‌ನಿಂದ ಪ್ಯಾರಿಸ್‌ಗೆ ಸೈಕಲ್‌ನಲ್ಲಿ ಹೋಗೋಕೆ ನೀವು ಈ ಗುಂಪಿನಲ್ಲಿ ಹಾಕಿದ ಪ್ಲಾನ್ ನೋಡಿ ಸುಮ್ನೆ ಕೂರೋಕೆ ಆಗಲಿಲ್ಲ. ಅವೆನ್ಯೂ ವರ್ಟ್ ಅನ್ನೋ ಗುರುತು ಹಾಕಿದ ಸೈಕಲ್ ದಾರಿಯಲ್ಲಿ ಒಟ್ಟು 400 ಕಿ.ಮೀ., ಮೂರು ದಿನ ರಜೆ, ದಿನಕ್ಕೆ 133. ಮೊದಲ ದಿನ ಹೇಗೋ ಇಂಗ್ಲೆಂಡಿನ ಬಂದರು ನ್ಯೂಹೇವನ್ ಮುಟ್ಟಿ ರಾತ್ರಿ ಫ್ರಾನ್ಸ್‌ನ ದಿಯೆಪ್ ಬಂದರಿಗೆ ಹಡಗು ಹತ್ತುವುದು, ಇಳಿದ ತಕ್ಷಣ ಮತ್ತೆ ಪೆಡಲ್ ತುಳಿಯುವುದು. ನಾನು ಮೊದಲ ಸಲ ಹೋದಾಗ ಹಾಕಿದ್ದ ಲೆಕ್ಕವೂ ಅಕ್ಷರಶಃ ಇದೇ. ಹಡಗು ನನಗೋಸ್ಕರ ಕಾಯಲಿಲ್ಲ ಅಂತಷ್ಟೇ ಹೇಳುತ್ತೇನೆ.

ಈ ದಾರಿಯನ್ನು ಕಿಲೋಮೀಟರಿನಲ್ಲಿ ಭಾಗಿಸಬಾರದು, ಗಂಟೆಯಲ್ಲಿ ಭಾಗಿಸಬೇಕು. ನಾನು ಈಗ ಮಾಡುವುದು ಹೀಗೆ. ಲಗೇಜ್ ಹೊತ್ತ ಸೈಕಲ್ಲಿಗೆ ಒಳ್ಳೆ ಡಾಂಬರಿನಲ್ಲಿ ಗಂಟೆಗೆ 18 ಕಿ.ಮೀ., ಜಲ್ಲಿ-ಮಣ್ಣಿನ ಹಾದಿಯಲ್ಲಿ 13, ಊರೊಳಗೆ ಸಿಗ್ನಲ್ ಸೇರಿ 12. ಇದರ ಮೇಲೆ ಪ್ರತಿ 100 ಮೀಟರ್ ಏರಿಗೆ 10 ನಿಮಿಷ ಜಾಸ್ತಿ. ಇದು ನನ್ನ ಕಾಲಿನ ಲೆಕ್ಕ. ನಿಮ್ಮದು ಬೇರೆ ಇರಬಹುದು. ಒಂದು ಭಾನುವಾರ ಲಗೇಜ್ ಕಟ್ಟಿಕೊಂಡು ಹೋಗಿ ನಿಮ್ಮ ಅಂಕಿ ಹುಡುಕಿ. ಖಾಲಿ ರೋಡ್ ಬೈಕಿನ ಸ್ಟ್ರಾವಾ ಆ್ಯಪ್‌ನ ಆ್ಯವರೇಜ್ ಇಲ್ಲಿ ತಂದು ಹಾಕಬೇಡಿ, ದಯವಿಟ್ಟು.

ಇದನ್ನೇ ಇಂಗ್ಲೆಂಡ್ ಕಡೆಯ ಭಾಗಕ್ಕೆ ಹಾಕಿ ನೋಡಿ. ಲಂಡನ್‌ನಿಂದ ನ್ಯೂಹೇವನ್‌ಗೆ ನೇರ ರಸ್ತೆಯಲ್ಲಿ 100 ಕಿ.ಮೀ. ಆಸುಪಾಸು. ಅವೆನ್ಯೂ ವರ್ಟ್ ಹಿಡಿದರೆ ಸುತ್ತಿ ಬಳಸಿ ಸುಮಾರು 150 ಆಗುತ್ತದೆ. ಅದರಲ್ಲಿ ಲಂಡನ್ ಬಿಟ್ಟು ಹೊರಬರುವ 30 ಕಿ.ಮೀ.ಗೆ ಎರಡೂವರೆ ಗಂಟೆ. ವರ್ತ್ ವೇ, ಫಾರೆಸ್ಟ್ ವೇ ಎರಡೂ ಹಳೇ ರೈಲು ಹಳಿಯ ಮೇಲಿನ ಹಾದಿಗಳು, ಸೇರಿ 27 ಕಿ.ಮೀ., ಎರಡು ಗಂಟೆ. ಉಳಿದ 93ಕ್ಕೆ ಐದು ಗಂಟೆಗೂ ಮೇಲೆ. ಏರು 1,000 ಮೀಟರ್ ಅಂತ ಹಿಡಿದರೂ ಇನ್ನೊಂದು ಗಂಟೆ ನಲವತ್ತು ನಿಮಿಷ. ಅಲ್ಲಿಗೆ ಹನ್ನೊಂದೂವರೆ ಗಂಟೆ ಬರೀ ಪೆಡಲ್. ಊಟ, ಪಂಕ್ಚರ್, ದಾರಿ ತಪ್ಪುವುದು ಇದರಲ್ಲಿ ಸೇರಿಲ್ಲ. ನಿಮ್ಮ ಪ್ಲಾನ್‌ನಲ್ಲಿ ಇದಕ್ಕೆ ಎಂಟು ಗಂಟೆ ಇಟ್ಟಿದ್ದೀರಿ.

ಮಳೆ ಬಂದ ಮರುದಿನ ಫಾರೆಸ್ಟ್ ವೇಯಲ್ಲಿ ಗಂಟೆಗೆ 13 ಕೂಡ ಬರುವುದಿಲ್ಲ. ಕೆಸರು ಮಡ್‌ಗಾರ್ಡ್ ಒಳಗೆ ತುಂಬಿಕೊಂಡು ಚಕ್ರವೇ ತಿರುಗುವುದಿಲ್ಲ. ಹೀತ್‌ಫೀಲ್ಡ್‌ನಿಂದ ಪೋಲ್‌ಗೇಟ್‌ವರೆಗಿನ ಕುಕೂ ಟ್ರೇಲ್ ಮಾತ್ರ ಬಹುಪಾಲು ಡಾಂಬರು, ಅದೂ ಈ ದಿಕ್ಕಿನಲ್ಲಿ ಇಳಿಜಾರು. ಹಿಂದೆ ಕಳೆದುಕೊಂಡ ಟೈಮ್ ಅಲ್ಲಿ ಸ್ವಲ್ಪ ವಾಪಸ್ ಸಿಗುತ್ತದೆ. ಆದರೆ ಸಂಜೆ ಹೊತ್ತು ಮಕ್ಕಳು, ನಾಯಿ ಎಲ್ಲ ಇರುತ್ತಾರೆ. ಬೆಲ್ ಇಲ್ಲದೆ ಹೋಗಬೇಡಿ.

ಇನ್ನು ಹಡಗು. ಪ್ಲಾನ್ ಶುರುವಾಗಬೇಕಾದ್ದೇ ಅಲ್ಲಿಂದ. ಮೊದಲು ಹಡಗು ಕಂಪನಿ ಡಿಎಫ್‌ಡಿಎಸ್‌ನ ವೇಳಾಪಟ್ಟಿ ತೆಗೆದು ಹಡಗು ಗೊತ್ತು ಮಾಡಿ. ಆಮೇಲೆ ಅದರ ಹಿಂದಕ್ಕೆ ಲಂಡನ್ ದಿನಗಳು, ಮುಂದಕ್ಕೆ ಫ್ರಾನ್ಸ್ ದಿನಗಳು. ವೇಳೆ ಋತುವಿಗೆ ತಕ್ಕಂತೆ ಬದಲಾಗುತ್ತದೆ, ಹಳೇ ಬ್ಲಾಗ್ ನಂಬಬೇಡಿ. ರಾತ್ರಿ ಹಡಗು ಹತ್ತಿದರೆ ಹೋಟೆಲ್ ಖರ್ಚು ಉಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕಿ. ರಾತ್ರಿ 11ಕ್ಕೆ ಹೊರಟಿತು ಅಂದುಕೊಳ್ಳಿ. ಪಯಣ ಸುಮಾರು 4 ಗಂಟೆ. ಫ್ರಾನ್ಸ್ ಗಡಿಯಾರ ಒಂದು ಗಂಟೆ ಮುಂದೆ. ಅಂದರೆ ದಿಯೆಪ್‌ನಲ್ಲಿ ಬೆಳಗಿನ ಜಾವ 4. ಹತ್ತಿ ಮಲಗುವಷ್ಟರಲ್ಲಿ, ಎಬ್ಬಿಸಿ ಇಳಿಸುವಷ್ಟರಲ್ಲಿ ನಿದ್ದೆ ಮೂರು ಗಂಟೆ ಬಂದರೆ ಪುಣ್ಯ. ಬೇಕರಿ ಕೂಡ ತೆಗೆದಿರುವುದಿಲ್ಲ. ಆ ಕಣ್ಣಲ್ಲಿ, ಕತ್ತಲಲ್ಲಿ, ಜೀವನದಲ್ಲಿ ಮೊದಲ ಸಲ ರಸ್ತೆಯ ಬಲಗಡೆ ಸೈಕಲ್ ಹೊಡೆಯಬೇಕು. ಬೇಡ ರೀ. ನ್ಯೂಹೇವನ್‌ನಲ್ಲಿ ಮಲಗಿ ಹಗಲು ಹಡಗು ಹಿಡಿಯಿರಿ.

ಸೈಕಲ್ ಹೋಗುವುದು ಕಾರುಗಳ ಜೊತೆ ಕೆಳಗಿನ ಡೆಕ್‌ಗೆ. ಹಡಗು ಹೊರಟ ಮೇಲೆ ಅಲ್ಲಿಗೆ ಬಿಡುವುದಿಲ್ಲ. ಪಾಸ್‌ಪೋರ್ಟ್, ಸ್ವೆಟರ್, ತಿಂಡಿ, ಚಾರ್ಜರ್ ಒಂದೇ ಚೀಲದಲ್ಲಿ ಮೇಲೆ ತಗೊಂಡು ಹೋಗಿ. ಕಟ್ಟಲು ನಿಮ್ಮದೇ ಒಂದು ಸ್ಟ್ರ್ಯಾಪ್, ಫ್ರೇಮ್ ಉಜ್ಜದಂತೆ ಒಂದು ಹಳೇ ಬಟ್ಟೆ ಇರಲಿ. ಚೆಕ್-ಇನ್ ಹೊರಡುವ ವೇಳೆಗೆ ಬಹಳ ಮುಂಚೆಯೇ ಮುಚ್ಚುತ್ತದೆ. ಟಿಕೆಟ್‌ನಲ್ಲಿರುವ ಆ ಸಮಯವೇ ನಿಮ್ಮ ಡೆಡ್‌ಲೈನ್.

ಪಾಸ್‌ಪೋರ್ಟ್ ಅಂದಾಗ ನೆನಪಾಯಿತು. ಭಾರತದ ಪಾಸ್‌ಪೋರ್ಟ್ ಆದರೆ ಬ್ರಿಟನ್ನಿನ ವರ್ಕ್ ವೀಸಾ ಇದ್ದರೂ ಫ್ರಾನ್ಸ್‌ಗೆ ಷೆಂಗೆನ್ ವೀಸಾ ಬೇರೆ ಬೇಕು. ಇದನ್ನು ಈ ಗುಂಪಿನಲ್ಲೂ ಎಷ್ಟು ಸಲ ಹೇಳಿದ್ದೇವೆ, ಆದರೂ ಯಾರಾದರೂ ಕೊನೇ ವಾರದಲ್ಲಿ ಕೇಳುತ್ತಾರೆ.

ದಿಯೆಪ್ ಆಚೆ ಸುಖ. ಆರ್ಕ್-ಲಾ-ಬತಾಯ್‌ನಿಂದ ಫೋರ್ಜ್-ಲೆಜೋವರೆಗೆ ಹಳೇ ರೈಲು ಹಾದಿ, 45 ಕಿ.ಮೀ. ಹತ್ತಿರ ನುಣುಪು ಡಾಂಬರು, ಕಾರಿಲ್ಲ. ಹಗಲು ಹಡಗು ಇಳಿದು ಆ ಸಂಜೆ ನೊಫ್‌ಶಾಟೆಲ್ ಅಥವಾ ಫೋರ್ಜ್ ತಲುಪುವುದು ಆರಾಮ. ಇಲ್ಲಿನ ವೇಗ ನೋಡಿ ಮಾರನೇ ದಿನದ ಲೆಕ್ಕ ಹಾಕಬೇಡಿ. ಫೋರ್ಜ್ ದಾಟಿದ ಮೇಲೆ ಗೂರ್ನೇ ಕಡೆಗೆ ಏರಿಳಿತ ಶುರು.

ಅಲ್ಲಿಂದ ಮುಂದೆ ದಾರಿ ಎರಡಾಗುತ್ತದೆ. ನೀವು ಬೋವೆ, ಶಾಂತಿಯಿ ಕಡೆಯ ಪೂರ್ವದ ದಾರಿ ಗುರುತು ಹಾಕಿದ್ದೀರಿ, ಆದರೆ ಕಿ.ಮೀ. ಮಾತ್ರ ಪಶ್ಚಿಮದ್ದು ಬರೆದಿದ್ದೀರಿ! ಪೂರ್ವದ್ದು ಜಾಸ್ತಿ ಉದ್ದ. ರಜೆ ಕಮ್ಮಿ ಇದ್ದರೆ ಜಿಸೋರ್ ಮೇಲಿನ ಪಶ್ಚಿಮದ ದಾರಿಯೇ ಸರಿ. ಜಿಸೋರ್‌ನಿಂದ ಬ್ರೇ-ಎ-ಲ್ಯೂವರೆಗೆ ಎಪ್ಟ್ ನದಿ ಪಕ್ಕದಲ್ಲೇ ಮತ್ತೊಂದು ಹಸಿರು ಹಾದಿ. ಆಮೇಲೆ ವೆಕ್ಸಾನ್ ಬಯಲು, ಗಾಳಿಗೆ ಮರೆ ಇಲ್ಲ. ಪ್ಯಾರಿಸ್ ಒಳಗೆ ಸಾನ್-ದನಿ ಕಾಲುವೆ ದಂಡೆಯಲ್ಲಿ ಹೋಗುವ ದಿನ ಮಾತ್ರ ಬೇಗ ಹೊರಡಿ. ಕೊನೆಯ 30 ಕಿ.ಮೀ. ಮತ್ತೆ ಊರಿನ ವೇಗ. ನೋತ್ರ್ ದಾಮ್ ಮುಂದೆ ಫೋಟೋ ಬೇಕಾದರೆ ಬೆಳಕಿರುವಾಗ ಮುಟ್ಟಬೇಕಲ್ವಾ?

ನನ್ನ ಸಲಹೆ ಐದು ದಿನ. ನಾಲ್ಕೇ ಸಿಕ್ಕರೆ ಇಂಗ್ಲೆಂಡ್ ಕಡೆ ಕತ್ತರಿಸಿ, ಫ್ರಾನ್ಸ್ ಕಡೆ ಬೇಡ. ಈಸ್ಟ್ ಗ್ರಿನ್‌ಸ್ಟೆಡ್‌ವರೆಗೆ ರೈಲಿನಲ್ಲಿ ಹೋಗಿ ಅಲ್ಲಿಂದ ಶುರು ಮಾಡಿದರೆ ಯಾರೂ ಬಂದು ಬೈಯುವುದಿಲ್ಲ. ಪ್ರತಿ ದಿನಕ್ಕೂ ಕೈಕೊಟ್ಟರೆ ಹತ್ತುವ ಒಂದು ರೈಲು ಸ್ಟೇಷನ್ ಗುರುತು ಹಾಕಿಕೊಳ್ಳಿ. ಪೋಲ್‌ಗೇಟ್, ಫೋರ್ಜ್ ಪಕ್ಕದ ಸೆರ್ಕ್ಯೂ, ಜಿಸೋರ್, ಸೆರ್ಜಿ. ಜಿಸೋರ್‌ನಿಂದ ಪ್ಯಾರಿಸ್‌ನ ಸಾನ್-ಲಜಾರ್ ಸ್ಟೇಷನ್‌ಗೆ ನೇರ ರೈಲಿದೆ.

ಮ್ಯಾಪ್ ವಿಷಯ. ಗೂಗಲ್‌ಗೆ ರಸ್ತೆ ಗೊತ್ತು, ರಸ್ತೆ ಹೇಗಿದೆ ಅಂತ ಗೊತ್ತಿಲ್ಲ. ನಾನು ಸೈಕಲ್ ಡಾಟ್ ಟ್ರಾವೆಲ್ ವೆಬ್‌ಸೈಟಿನಲ್ಲಿ ಗೆರೆ ಎಳೆದು, ಕೊಮೂಟ್ ಆ್ಯಪ್‌ನಲ್ಲಿ ಹಾದಿಯ ಮೇಲ್ಮೈ ನೋಡುತ್ತೇನೆ. ಟೈರ್ 32 ಎಂ.ಎಂ.ಗಿಂತ ಕಮ್ಮಿ ಬೇಡ. ಸುಲಭವಾಗಿ ಪಂಕ್ಚರ್ ಆಗದ ಶ್ವಾಲ್ಬೆ ಮ್ಯಾರಥಾನ್ ಪ್ಲಸ್ ಟೈರ್ ಭಾರ ಅಂತ ಗೊಣಗುವವರು ಗೊಣಗಲಿ, ಮಳೆಯಲ್ಲಿ ಕೂತು ಟ್ಯೂಬ್ ಬದಲಿಸುವುದು ಅವರೇ. ಚೀಲಕ್ಕೆ ಆರ್ಟ್‌ಲೀಬ್ ದುಬಾರಿ, ಆದರೆ ನೀರು ಇಳಿಯುವುದಿಲ್ಲ.

ಫ್ರಾನ್ಸ್‌ನಲ್ಲಿ ಕಿವಿಗೆ ಇಯರ್‌ಫೋನ್ ಹಾಕಿ ಸೈಕಲ್ ಹೊಡೆದರೆ ದಂಡ. ಊರ ಹೊರಗೆ ರಾತ್ರಿ ಹೊಳೆಯುವ ಜಾಕೆಟ್ ಕಡ್ಡಾಯ. ಬೋರ್ಡ್ ಇಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವರಿಗೆ ಮೊದಲು ದಾರಿ ಬಿಡಬೇಕು, ಅದು ಸಂದುರಸ್ತೆ ಆಗಿದ್ದರೂ ಸರಿ. ಹಳ್ಳಿ ಅಂಗಡಿಗಳು ಮಧ್ಯಾಹ್ನ ಮುಚ್ಚುತ್ತವೆ, ಭಾನುವಾರ ಮಧ್ಯಾಹ್ನದ ಮೇಲೆ ಏನೂ ಸಿಗುವುದಿಲ್ಲ, ಸೋಮವಾರ ಎಷ್ಟೋ ಬೇಕರಿಗೆ ರಜೆ. ನೀವು ಫ್ರಾನ್ಸ್ ಭಾಗವನ್ನು ಸರಿಯಾಗಿ ಭಾನುವಾರ-ಸೋಮವಾರಕ್ಕೇ ಇಟ್ಟಿದ್ದೀರಿ. ನೀರು ಖಾಲಿಯಾದರೆ ಊರಿನ ಸ್ಮಶಾನಕ್ಕೆ ಹೋಗಿ, ಅಲ್ಲಿ ಸಾಮಾನ್ಯವಾಗಿ ನಲ್ಲಿ ಇರುತ್ತದೆ. 'ನೋನ್ ಪೊತಾಬ್ಲ್' ಅಂತ ಬರೆದಿದ್ದರೆ ಮಾತ್ರ ಕುಡಿಯಬೇಡಿ.

ವಾಪಸ್ ಬರೋಕೆ ಸಾನ್-ಲಜಾರ್‌ನಿಂದ ರೂವಾನ್‌ನಲ್ಲಿ ರೈಲು ಬದಲಿಸಿ ದಿಯೆಪ್, ಅಲ್ಲಿಂದ ಅದೇ ಹಡಗು. ಸೈಕಲ್‌ಗೆ ಜಾಗ ಕಾದಿರಿಸಬೇಕಾ ಅಂತ ಟಿಕೆಟ್ ತೆಗೆಯುವಾಗಲೇ ನೋಡಿ. ದಿನಾಂಕ ಬದಲಿಸಿ ದಾರಿಯ ಹೊಸ ಜಿಪಿಎಕ್ಸ್ ಫೈಲ್ ಇಲ್ಲೇ ಹಾಕಿ. ಗೂರ್ನೇಯಿಂದ ಜಿಸೋರ್‌ವರೆಗಿನ ಭಾಗ ನಾನು ನೋಡಿ ಹೇಳುತ್ತೇನೆ.