ಪಕ್ಕದಲ್ಲಿ ಕೂತು ಬರೆದುಕೊಳ್ಳುವವರು ಯಾರು?

(ಮೈಸೂರಿನ ನಿವೃತ್ತ ಮೇಷ್ಟರೊಬ್ಬರ ಪತ್ರಕ್ಕೆ ಈ ಉತ್ತರ. ಅವರ ಕೋರಿಕೆಯಂತೆ ಹೆಸರು ಹಾಕಿಲ್ಲ. ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾರೆ, ವಿಚ್ಛೇದನದ ಮೊಕದ್ದಮೆ ನಡೆಯುತ್ತಿದೆ. ಐದು ವರ್ಷದ ಮೊಮ್ಮಗಳು ತಾಯಿಯ ಬಳಿ ಇದ್ದಾಳೆ. ವಾರಕ್ಕೆ ಎರಡು ಗಂಟೆ, ಅದೂ ಮೇಲ್ವಿಚಾರಕರ ಎದುರಿನಲ್ಲಿ ಮಾತ್ರ ತಂದೆ ಮಗುವನ್ನು ನೋಡಬಹುದೆಂದು ಕೋರ್ಟು ಹೇಳಿದೆ. ‘ಗಂಟೆಗಿಷ್ಟು ಅಂತ ದುಡ್ಡು ತೆಗೆದುಕೊಂಡು ಪಕ್ಕದಲ್ಲಿ ಕೂತು ಬರೆದುಕೊಳ್ಳುವ ಈಕೆ ಯಾರು? ಈ ಅಧಿಕಾರ ಕೊಟ್ಟವರ್ಯಾರು? ಅಜ್ಜನಾದ ನಾನೇ ಕೂತರೆ ಸಾಲದೆ?’ ಎಂದು ಅವರು ಕೇಳಿದ್ದಾರೆ.)

ಮಾನ್ಯರೆ,

ಕೋರ್ಟಿನ ಒಪ್ಪಿಗೆ ಪಡೆದು ನೀವೂ ಹೋಗಿದ್ದ ಆ ದಿನದ ವಿವರ ಓದಿ ಸಂಕಟವಾಯಿತು. ಲೈಬ್ರರಿಯ ಮೂಲೆಯ ಮೇಜು, ನೀವು ಒಯ್ದಿದ್ದ ಕೋಡುಬಳೆಯನ್ನು ಉಂಗುರದಂತೆ ಬೆರಳಿಗೆ ಸಿಕ್ಕಿಸಿಕೊಂಡ ಮಗು, ‘ತಾತ, ನಿದ್ದೆ ಬರ್ತಿದೆ’ ಎಂದು ಅಪ್ಪನ ಪಕ್ಕದಿಂದೆದ್ದು ನಿಮ್ಮ ತೊಡೆಗೆ ಒರಗಿದ್ದು. ಇಂಗ್ಲಿಷಿನಲ್ಲೇ ಮಾತಾಡಿ ಎಂದು ಮೇಲ್ವಿಚಾರಕಿ ತಾಕೀತು ಮಾಡಿದ್ದು. ಆಮೇಲೆ ವರದಿಯಲ್ಲಿ ‘ಮಗು ತಂದೆಯ ಪಕ್ಕದಿಂದ ಎದ್ದು ಹೋಯಿತು, ತಂದೆಯ ಜೊತೆ ಅದಕ್ಕೆ ಹಿತವೆನಿಸುತ್ತಿಲ್ಲ’ ಎಂಬ ಸಾಲು.

ನಿಮ್ಮ ಸೊಸೆಯ ಮಾತನ್ನು ನಾನು ಕೇಳಿಲ್ಲ. ಕೋರ್ಟು ಈ ಆದೇಶ ಕೊಟ್ಟಿದ್ದು ಸರಿಯೋ ತಪ್ಪೋ ಎಂಬುದಕ್ಕೆ ಹಾಗಾಗಿ ಕೈ ಹಾಕುವುದಿಲ್ಲ. ನಿಮ್ಮ ಪ್ರಶ್ನೆಗಳಿಗಷ್ಟೇ ಬರುತ್ತೇನೆ.

ಆಕೆ ಯಾರೋ ದಾರಿಹೋಕರಲ್ಲ. ಕ್ಯಾಲಿಫೋರ್ನಿಯಾದ ಫ್ಯಾಮಿಲಿ ಕೋಡ್‌ನ 3200.5ನೇ ಕಲಮು ದುಡ್ಡು ಪಡೆದು ಈ ಕೆಲಸ ಮಾಡುವವರಿಗೆ ಅರ್ಹತೆಗಳನ್ನು ಹೇಳುತ್ತದೆ. ವಯಸ್ಸು 21 ಆಗಿರಬೇಕು. ಮಕ್ಕಳ ಮೇಲಿನ ಅಪರಾಧದಲ್ಲಿ ಶಿಕ್ಷೆಯಾಗಿರಬಾರದು, ಕಳೆದ 5 ವರ್ಷದಲ್ಲಿ ಕುಡಿದು ಗಾಡಿ ಓಡಿಸಿದ್ದಕ್ಕೂ ಶಿಕ್ಷೆಯಾಗಿರಬಾರದು. ಭೇಟಿಗೆ ಬರುವವರೊಂದಿಗೆ ಹಣದ ಹಂಗು, ನೌಕರಿಯ ಹಂಗು ಇರಬಾರದು. 24 ಗಂಟೆಯ ತರಬೇತಿ ಆಗಿರಬೇಕು. 2021ರಿಂದ ಟ್ರಸ್ಟ್‌ಲೈನ್ ಎಂಬ ರಾಜ್ಯದ ಪಟ್ಟಿಯಲ್ಲಿ ನೋಂದಣಿಯೂ ಕಡ್ಡಾಯ. ಅಲ್ಲಿ ಬೆರಳಚ್ಚು ಕೊಟ್ಟು ಹಿನ್ನೆಲೆ ಪರಿಶೀಲಿಸಿಕೊಳ್ಳಬೇಕು.

ಇಷ್ಟೆಲ್ಲ ಇದ್ದೂ ನಿಮ್ಮ ಸಿಟ್ಟಿನಲ್ಲಿ ನ್ಯಾಯವಿದೆ. ಅದೇ ರಾಜ್ಯದಲ್ಲಿ ಕ್ಷೌರಿಕರ ಲೈಸೆನ್ಸಿಗೆ 1,000 ಗಂಟೆ ಕಲಿಯಬೇಕು, ಅವರ ಮೇಲೆ ಒಂದು ಮಂಡಳಿ ಇದೆ, ತಪ್ಪಿದರೆ ಲೈಸೆನ್ಸ್ ಹೋಗುತ್ತದೆ. ಮಗುವಿನ ಪಕ್ಕ ಕೂರುವವರಿಗೆ ಲೈಸೆನ್ಸೂ ಇಲ್ಲ, ಮಂಡಳಿಯೂ ಇಲ್ಲ. ಟ್ರಸ್ಟ್‌ಲೈನ್ ನೋಂದಣಿ ಬಿಟ್ಟರೆ, ಮಿಕ್ಕ ಅರ್ಹತೆಯೆಲ್ಲ ಇದೆ ಎಂದು ತಾವೇ ಸಹಿ ಹಾಕಿದ ಒಂದು ಫಾರಂ ಕೋರ್ಟಿಗೆ ಕೊಟ್ಟರಾಯಿತು. ದೂರಿದ್ದರೆ ಮೊಕದ್ದಮೆ ನೋಡುತ್ತಿರುವ ಅದೇ ನ್ಯಾಯಾಧೀಶರ ಮುಂದೆ, ಅದೇ ವಕೀಲರ ಫೀಸು ಕೊಟ್ಟು ಹೇಳಿಕೊಳ್ಳಬೇಕು. ಮೊದಲೇ ಅನುಮಾನದ ಕಣ್ಣಿನಡಿ ಇರುವ ತಂದೆ ಅಥವಾ ತಾಯಿ ಮೇಲ್ವಿಚಾರಕರ ಮೇಲೆ ಬೆರಳು ತೋರಿಸಲು ಎಷ್ಟು ಹೆದರಬೇಡ! ದೂರು ಕೇಳುವುದಕ್ಕೇ ಬೇರೊಂದು ಜಾಗ ಬೇಕು ಎಂದು ನಾನು ಪಟ್ಟು ಹಿಡಿದು ಹೇಳುವುದು ಇದಕ್ಕೇ.

ಇನ್ನು ಆ ವರದಿಯ ಸಾಲು. ‘ಎದ್ದು ಹೋಯಿತು’ ಎಂಬುದು ಕಣ್ಣಿಗೆ ಕಂಡದ್ದು. ‘ಹಿತವೆನಿಸುತ್ತಿಲ್ಲ’ ಎಂಬುದು ಆಕೆಯ ಊಹೆ. ಕ್ಯಾಲಿಫೋರ್ನಿಯಾದ ನ್ಯಾಯಾಂಗ ಆಡಳಿತದ ಮಾನದಂಡ 5.20 ಈ ಗೆರೆಯನ್ನು ಎಳೆದೇ ಇದೆ: ವರದಿಯಲ್ಲಿ ನಡೆದದ್ದು, ನೋಡಿದ್ದು, ಆಡಿದ ಮಾತು ಇರಬೇಕು, ಬರೆಯುವವರ ಅಭಿಪ್ರಾಯ ಇರಬಾರದು. ಗೆರೆ ದಾಟಿದರೆ ಕೇಳುವವರಿಲ್ಲದ ಕಾರಣ ದಾಟುವುದು ಸುಲಭ. ಅರ್ಧ ಸಾಲಿನ ಊಹೆಯಿಂದ ಒಂದು ಮಗು ಇನ್ನಾರು ತಿಂಗಳು ಅಪ್ಪನನ್ನು ಲೈಬ್ರರಿ ಮೇಜಿನಾಚೆಯಿಂದಲೇ ನೋಡುವಂತಾಗಬಹುದು. ನಿಮ್ಮ ಮಗ ವಕೀಲರ ಮೂಲಕ ಆ ಸಾಲನ್ನು ಕೋರ್ಟಿನ ಗಮನಕ್ಕೆ ತರಲಿ.

ಭಾಷೆಯ ವಿಷಯದಲ್ಲಿ ಮಾತ್ರ ನೀವು ಆಕೆಯ ಮೇಲೆ ಕೋಪಿಸಿಕೊಳ್ಳುವುದು ಅಷ್ಟು ಸರಿಯಲ್ಲ. ಅರ್ಥವಾಗದ ಮಾತನ್ನು ಕಾಯುವುದು ಹೇಗೆ? ಮಗುವಿನ ಕಿವಿಯಲ್ಲಿ ‘ಅಮ್ಮ ಬೈದ್ಲಾ? ಯಾರು ಬರ್ತಾರೆ ಮನೆಗೆ?’ ಎಂದು ಅಪ್ಪ ಕೇಳಿದರೆ ತಡೆಯುವುದೇ ಆಕೆಯ ಕೆಲಸ. ಆದರೆ ಅದೇ ಕಾನೂನು ಇನ್ನೊಂದು ಮಾತನ್ನೂ ಹೇಳುತ್ತದೆ: ಮೇಲ್ವಿಚಾರಕರಿಗೆ ಮಗುವಿನ ಮತ್ತು ಭೇಟಿಗೆ ಬರುವವರ ಭಾಷೆ ಬರಬೇಕು, ಇಲ್ಲದಿದ್ದರೆ 18 ದಾಟಿದ ತಟಸ್ಥ ದುಭಾಷಿಯನ್ನು ಅವರೇ ಒದಗಿಸಬೇಕು. ನಿಮ್ಮವರಿಗೆ ಇಂಗ್ಲಿಷ್ ಬರುವುದರಿಂದ ಇದು ತಾನಾಗಿ ಸಿಗಲಿಕ್ಕಿಲ್ಲ. ಆದರೂ ಕೇಳಿ. ಐದು ವರ್ಷದ ಮಗುವಿಗೆ ನಿದ್ದೆಗಣ್ಣಿನಲ್ಲಿ ಬಾಯಿಗೆ ಬರುವುದು ಮನೆಮಾತೇ.

‘ನಾನೇ ಕೂತರೆ ಸಾಲದೆ?’ ಸಂಬಳವಿಲ್ಲದ ನೆಂಟರು, ಸ್ನೇಹಿತರು ಕೂರುವುದಕ್ಕೂ ಅಲ್ಲಿ ಅವಕಾಶವಿದೆ, ಕೋರ್ಟು ಒಪ್ಪಬೇಕಷ್ಟೆ. ಆದರೆ ನಿಮ್ಮನ್ನೇ ಕೇಳಿಕೊಳ್ಳಿ: ಮಗ ತಪ್ಪು ಮಾತಾಡಿದ ಗಳಿಗೆಯಲ್ಲಿ ‘ಸಾಕು, ಇವತ್ತಿನ ಭೇಟಿ ಮುಗಿಯಿತು’ ಎಂದು ಹೇಳಿ, ಅದನ್ನು ಬರೆದು ಕೋರ್ಟಿಗೆ ಕೊಡುವಿರಾ? 2022ರ ಫೆಬ್ರುವರಿಯಲ್ಲಿ ಸ್ಯಾಕ್ರಮೆಂಟೊದ ಒಂದು ಚರ್ಚಿನಲ್ಲಿ ಇಂಥದೇ ಭೇಟಿಯ ಹೊತ್ತಿಗೆ ತಂದೆಯೊಬ್ಬ ತನ್ನ ಮೂವರು ಹೆಣ್ಣುಮಕ್ಕಳನ್ನೂ ಪಕ್ಕದಲ್ಲಿ ಕೂತಿದ್ದ ಮೇಲ್ವಿಚಾರಕರನ್ನೂ ಗುಂಡಿಟ್ಟು ಕೊಂದು ತಾನೂ ಸತ್ತ. ಕೂತಿದ್ದವರು ಕುಟುಂಬದ ಪರಿಚಯಸ್ಥರು. ನಿಮ್ಮ ಮಗನನ್ನು ಅವನಿಗೆ ಹೋಲಿಸುತ್ತಿಲ್ಲ. ಯಾರ ಮನಸ್ಸಿನಲ್ಲಿ ಏನಿದೆ ಎಂದು ಪರಿಚಯದಿಂದ, ಪ್ರೀತಿಯಿಂದ ಗೊತ್ತಾಗುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

‘ನಮ್ಮಲ್ಲಾದರೆ ಹೀಗಿರುತ್ತಿರಲಿಲ್ಲ’ ಎಂದಿದ್ದೀರಿ. ನಮ್ಮಲ್ಲಿ ಮೇಲ್ವಿಚಾರಕರ ಅರ್ಹತೆ ಹೇಳುವ ಪ್ರತ್ಯೇಕ ಕಾಯಿದೆಯೇ ಇಲ್ಲ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆಯಲ್ಲಿ ಆಪ್ತಸಮಾಲೋಚಕರ ಪ್ರಸ್ತಾಪವಿದೆ. ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಜಂಟಿ ಪಾಲನೆ, ಭೇಟಿಗಳ ಬಗ್ಗೆ ಮಾರ್ಗಸೂಚಿ ಸೂಚಿಸಿತ್ತು. ಆದರೆ ಭೇಟಿಯ ಹೊತ್ತಿನಲ್ಲಿ ಯಾರು ಕೂರಬೇಕು, ಏನು ಕಲಿತಿರಬೇಕು, ಏನು ಬರೆಯಬಹುದು ಎಂಬುದು ಆಯಾ ಆದೇಶಕ್ಕೆ ಬಿಟ್ಟದ್ದು. ಎಷ್ಟೋ ಮಕ್ಕಳು ಅಪ್ಪನನ್ನೋ ಅಮ್ಮನನ್ನೋ ನೋಡುವುದು ಕೋರ್ಟಿನ ಆವರಣದಲ್ಲೇ, ಕರಿಕೋಟುಗಳ ಓಡಾಟದ ನಡುವೆ. ಈ ವಿಷಯದಲ್ಲಿ ನಾವು ಕ್ಯಾಲಿಫೋರ್ನಿಯಾಕ್ಕಿಂತ ಹಿಂದಿದ್ದೇವೆ.

ಕೊನೆಗೊಂದು ಮಾತು. ಪತ್ರದ ಜೊತೆ ನೀವು ಕಳಿಸಿದ್ದ ವರದಿಯ ಪ್ರತಿಯಲ್ಲಿ ಮಗುವಿನ ಹೆಸರು, ಶಾಲೆ ಎಲ್ಲ ಇತ್ತು. ಓದಿದ ಮೇಲೆ ನಾನೇ ಹರಿದು ಹಾಕಿದ್ದೇನೆ. ದಯವಿಟ್ಟು ಅದನ್ನು ನೆಂಟರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಹಾಕಿದ್ದರೆ ಇವತ್ತೇ ಅಳಿಸಿಬಿಡಿ.

— ಸಂಪಾದಕ